ಎಲೆ ತಿರುವಿ ನೋಡದೆ ಬೇವಿನೆಣ್ಣೆ ಹೊಡೆಯಬೇಡಿ

ಎಲೆ ಮುದುಡಿದರೆ ಬೇವಿನೆಣ್ಣೆ, ಹಳದಿಯಾದರೆ ಬೇವಿನೆಣ್ಣೆ, ಕಾಯಿಗೆ ತೂತು ಬಿದ್ದರೂ ಬೇವಿನೆಣ್ಣೆ. ವಿಜಯಪುರದ ಹಿತ್ತಲು, ಮಾಳಿಗೆಗಳ ತೋಟದಲ್ಲಿ ಈಗ ನಡೆದಿರುವುದು ಹೆಚ್ಚುಕಡಿಮೆ ಇಷ್ಟೇ. ಬೇವನ್ನು ಹೀಗಳೆಯುವ ಮಾತಲ್ಲ ಇದು. ಎಲೆಯ ಮೇಲೆ ಕೂತು ರಸ ಹೀರುವ ಮೆತ್ತನೆಯ ಕೀಟಗಳು, ಎಲೆ ಕಡಿಯುವ ಸಣ್ಣ ಮರಿಹುಳುಗಳು, ಇವುಗಳ ಮೇಲೆ ಬೇವು ನಿಧಾನಕ್ಕೆ ಕೆಲಸ ಮಾಡುತ್ತದೆ. ಬದನೆಕಾಯಿಯೊಳಗೆ ಸೇರಿಕೊಂಡ ಹುಳದವರೆಗೆ ಅದು ತಲುಪುವುದಿಲ್ಲ. ನಂಜುರೋಗ (ವೈರಸ್) ಬಂದ ಟೊಮೆಟೊ ಗಿಡವನ್ನು ಅದು ಬದುಕಿಸುವುದಿಲ್ಲ. ನಮ್ಮ ಎರೆಮಣ್ಣಿನ ಸುಣ್ಣದಂಶದಿಂದ ಹಳದಿಯಾದ ಎಲೆಗೂ ಬೇವಿಗೂ ಸಂಬಂಧವೇ ಇಲ್ಲ. ಹಾಗಾಗಿ ಸಿಂಪಡಿಸುವ ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಎಲೆ ತಿರುವಿ ನೋಡಬೇಕು.

ನೋಡಲು ಬೇಕಾದ ಸಾಮಾನು ಎರಡು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ. ಬೆಳಿಗ್ಗೆ ಬಿಸಿಲೇರುವ ಮೊದಲು ಗಿಡದ ಕುಡಿ, ನಡುವಿನ ಎಲೆ, ಬುಡದ ಎಲೆ ಒಂದೊಂದನ್ನು ತಿರುವಿ ನೋಡಿ. ಆಮೇಲೆ ಬಿಳಿ ಹಾಳೆಯನ್ನು ಕುಡಿಯ ಕೆಳಗೆ ಹಿಡಿದು ಕುಡಿಯನ್ನು ನಾಲ್ಕು ಸಲ ತಟ್ಟಿ. ಹಾಳೆಯ ಮೇಲೆ ಸಣ್ಣ ಹಳದಿ ಅಥವಾ ಕಪ್ಪು ಗೆರೆಗಳಂಥವು ಓಡಾಡಿದರೆ ಅದು ಥ್ರಿಪ್ಸ್. ಚುಕ್ಕೆಗಳು ನಿಧಾನಕ್ಕೆ ತೆವಳಿದರೆ, ಬೆರಳಿಂದ ಒರೆಸಿದಾಗ ಕೆಂಪು ಗೆರೆ ಉಳಿದರೆ ಅದು ಕೆಂಪು ನುಸಿ. ತಟ್ಟಿದ ಕೂಡಲೇ ಬಿಳಿ ಪುಡಿಯಂತೆ ಹಾರಿ ಮತ್ತೆ ಅದೇ ಎಲೆಗೆ ಬಂದು ಕೂತರೆ ಬಿಳಿನೊಣ. ಓರೆಯಾಗಿ, ಏಡಿಯ ಹಾಗೆ ಅಡ್ಡಡ್ಡ ಸರಿದು ಜಿಗಿದರೆ ಹಸಿರು ಜಿಗಿಹುಳು. ವಾರಕ್ಕೆ ಎರಡು ಸಲ ಇಷ್ಟು ಮಾಡಿದರೆ ಔಷಧಿಯ ಅರ್ಧ ಖರ್ಚು ಉಳಿಯುತ್ತದೆ.

ಮೆಣಸಿನ ಗಿಡದ ಮುಟುರು

ಅತಿ ಹೆಚ್ಚು ತಪ್ಪು ಚಿಕಿತ್ಸೆ ಆಗುವುದು ಮೆಣಸಿನ ಗಿಡಕ್ಕೆ. ಎಲೆ ಮುದುಡಿತು ಎಂದು ಅಂಗಡಿಯಲ್ಲಿ ಹೇಳಿದರೆ ಯಾವುದೋ ಒಂದು ಬಾಟಲಿ ಸಿಗುತ್ತದೆ. ಆದರೆ ಮೂರು ಬೇರೆ ಬೇರೆ ಕಾರಣಕ್ಕೆ ಎಲೆ ಮುದುಡುತ್ತದೆ, ಮೂರರ ಲಕ್ಷಣವೂ ಬರಿಗಣ್ಣಿಗೇ ಗೊತ್ತಾಗುತ್ತದೆ.

ಎಲೆಯ ಅಂಚು ಮೇಲಕ್ಕೆ ಮಡಿಚಿ ದೋಣಿಯಂತಾಗಿದ್ದರೆ ಅದು ಥ್ರಿಪ್ಸ್ ಕೆಲಸ. ಎಲೆಯ ಕೆಳಗೆ ಕಂದು ಬಣ್ಣದ ಗೀರು ಇರುತ್ತದೆ. ಒಣ ಹವೆಯಲ್ಲಿ, ಅಂದರೆ ನಮ್ಮಲ್ಲಿ ಮಾಘ ಕಳೆದ ಮೇಲೆ ಮಳೆ ಬೀಳುವವರೆಗೆ, ಇದರ ಕಾಟ ಹೆಚ್ಚು. ಎಲೆ ಕೆಳಕ್ಕೆ ಮಡಿಚಿ, ತೊಟ್ಟು ಉದ್ದವಾಗಿ, ಎಲೆ ಸಪೂರಾಗಿದ್ದರೆ ಅದು ಹಳದಿ ಮೈಟ್ ನುಸಿ. ಈ ನುಸಿ ಮಾತ್ರ ಬರಿಗಣ್ಣಿಗೆ ಕಾಣುವುದೇ ಇಲ್ಲ, ಭೂತಗನ್ನಡಿ ಬೇಕು. ಮೋಡ ಮುಸುಕಿದ ಹಸಿ ಹವೆ ಇದಕ್ಕೆ ಪ್ರಿಯ, ಹಾಗಾಗಿ ಹುಬ್ಬಿ ಮಳೆಯಿಂದ ದೀಪಾವಳಿವರೆಗೆ ಜೋರು. ಇಡೀ ಗಿಡವೇ ಗಿಡ್ಡಾಗಿ, ಎಲೆ ಸಣ್ಣದಾಗಿ ಗೊಂಚಲು ಕಟ್ಟಿ, ನರಗಳು ದಪ್ಪವಾಗಿದ್ದರೆ ಅದು ಬಿಳಿನೊಣ ತಂದ ಎಲೆಮುದುಡು ನಂಜು. ಅದಕ್ಕೆ ಔಷಧಿ ಇಲ್ಲ. ಗಿಡ ಕಿತ್ತು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆಯುವುದೇ ದಾರಿ. ಪಕ್ಕದ ಗಿಡಗಳನ್ನು ಉಳಿಸಬೇಕಾದರೆ ಅಂದೇ ಕೀಳಬೇಕು, ಇನ್ನೊಂದು ಕೊಯ್ಲು ಸಿಗಲಿ ಎಂದು ಕಾದರೆ ಸಾಲೆಲ್ಲ ಹೋಗುತ್ತದೆ.

ಥ್ರಿಪ್ಸ್‌ಗೆ ಮೊದಲು ನೀರಿನ ಹೊಡೆತ. ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದು ಕುಡಿಯ ಕೆಳಗಿನಿಂದ ಮೇಲಕ್ಕೆ ಜೋರಾಗಿ ನೀರು ಬಿಡಬೇಕು, ದಿನ ಬಿಟ್ಟು ದಿನ, ಒಂದು ವಾರ. ಜೊತೆಗೆ ನೀಲಿ ಅಂಟುಹಾಳೆ. ಬಿಳಿನೊಣಕ್ಕೆ, ಸಸ್ಯಹೇನಿಗೆ ಹಳದಿ ಹಾಳೆ, ಥ್ರಿಪ್ಸ್‌ಗೆ ನೀಲಿಯೇ ಒಳ್ಳೆಯದು. ಹಾಳೆಯನ್ನು ಗಿಡದ ತಲೆಯ ಎತ್ತರಕ್ಕೆ ಕಟ್ಟಬೇಕು, ಗಿಡ ಬೆಳೆದ ಹಾಗೆ ಮೇಲೇರಿಸಬೇಕು. ನಮ್ಮ ಕಡೆಯ ಧೂಳಿಗೆ ಅಂಟು ಬೇಗ ಸಾಯುತ್ತದೆ. ಹಳೆಯ ಪ್ಲಾಸ್ಟಿಕ್ ತಟ್ಟೆಗೆ ನೀಲಿ ಬಣ್ಣ ಬಳಿದು ಔಡಲೆಣ್ಣೆ ಸವರಿದರೂ ನಡೆಯುತ್ತದೆ, ವಾರಕ್ಕೊಮ್ಮೆ ಒರೆಸಿ ಮತ್ತೆ ಸವರಬೇಕು, ಅಷ್ಟೇ. 2021ರಲ್ಲಿ ದಕ್ಷಿಣದ ಮೆಣಸಿನಕಾಯಿ ಹೊಲಗಳಿಗೆ ದೊಡ್ಡ ಪೆಟ್ಟು ಕೊಟ್ಟ ಕಪ್ಪು ಥ್ರಿಪ್ಸ್ ಎಲೆಗಿಂತ ಹೆಚ್ಚಾಗಿ ಹೂವಿನೊಳಗೆ ಕೂರುತ್ತದೆ. ಎಲೆ ಚೆನ್ನಾಗಿದ್ದೂ ಹೂ ಉದುರುತ್ತಿದ್ದರೆ ಒಂದು ಹೂವನ್ನು ಬಿಡಿಸಿ ಬಿಳಿ ಹಾಳೆಯ ಮೇಲೆ ಕೊಡವಿ ನೋಡಿ.

ಹಳದಿ ಮೈಟ್‌ಗೆ ಕೆಲಸ ಮಾಡುವುದು ನೀರಿನಲ್ಲಿ ಕರಗುವ ಗಂಧಕದ ಪುಡಿ, 80 ಪ್ರತಿಶತದ್ದು, ಲೀಟರಿಗೆ 3 ಗ್ರಾಂ. ಎಳೆಯ ಕುಡಿಗಳ ಕೆಳಭಾಗಕ್ಕೆ ಬೀಳಬೇಕು. ಎರಡು ಎಚ್ಚರಿಕೆ ಮರೆಯಬಾರದು. ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆಯನ್ನು ಸುಡುತ್ತದೆ, ಆದ್ದರಿಂದ ಮಾರ್ಚ್‌ನಿಂದ ಮೇವರೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಅದರ ಪೊಟ್ಟಣ ಬಿಚ್ಚಲೇಬಾರದು. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೂ ಅದೇ ಗತಿ. ಸೌತೆ, ಹೀರೆಯಂಥ ಬಳ್ಳಿಗಳಿಗೆ ಗಂಧಕ ಆಗಿಬರುವುದಿಲ್ಲ.

ಬೇಸಿಗೆಯಲ್ಲಿ ಬದನೆ, ಬೆಂಡೆ, ಅವರೆಗೆ ಬರುವ ಕೆಂಪು ನುಸಿ ಬೇರೆ ಜಾತಿಯದು. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂತೆ ಬಿಳಿ ಚುಕ್ಕೆ, ಕೆಳಗೆ ತೆಳ್ಳನೆಯ ಬಲೆ. ಬಾಯಾರಿದ ಗಿಡ, ಧೂಳು ಹಿಡಿದ ಎಲೆ, ಕಾದ ಗೋಡೆಯ ಪಕ್ಕ, ಈ ಮೂರು ಕೂಡಿದರೆ ನುಸಿಗೆ ಹಬ್ಬ. ಧೂಳು ಹೆಚ್ಚಾದಷ್ಟೂ ನುಸಿಯನ್ನು ತಿನ್ನುವ ಕೀಟಗಳು ದೂರವಾಗುತ್ತವೆ. ರಸ್ತೆ ಬದಿಯ ಮನೆಯವರು ವಾರಕ್ಕೆ ಎರಡು ಮೂರು ಸಲ ಬೆಳಿಗ್ಗೆ ಎಲೆಯ ತಳ ತೊಳೆದರೆ ಇದು ಹದಕ್ಕೆ ಬರುತ್ತದೆ. ಸಂಜೆ ತೊಳೆಯಬೇಡಿ, ಟೊಮೆಟೊ ಎಲೆ ರಾತ್ರಿಯಿಡೀ ಒದ್ದೆಯಿದ್ದರೆ ಎಲೆಚುಕ್ಕೆ ರೋಗ ಹಿಡಿಯುತ್ತದೆ.

ಬೇವು ಕೆಲಸ ಮಾಡದಿರುವುದಕ್ಕೆ ಬೋರ್‌ವೆಲ್ ಕಾರಣ

ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು, ಕೆಲವು ಕಡೆ ಸವಳು. ಸಾಬೂನು ಹಾಕಿದರೆ ನೊರೆಯ ಬದಲು ಬಿಳಿ ಕೆನೆ ಕಟ್ಟುತ್ತದೆ. ಅದೇ ನೀರಿಗೆ ಬೇವಿನೆಣ್ಣೆ, ಬಟ್ಟೆ ಸಾಬೂನು ಕಲಸಿದರೆ ಸಾಬೂನು ಸುಣ್ಣದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಬಾಟಲಿಯಿಂದ ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ. ಮೊದಲ ಗಿಡಗಳಿಗೆ ಏನೂ ಆಗುವುದಿಲ್ಲ, ಕೊನೆಯ ಗಿಡದ ಎಲೆ ಸುಡುತ್ತದೆ. ಇದಲ್ಲದೆ ಬೇವಿನ ಮುಖ್ಯ ಸತ್ವವಾದ ಅಜಾಡಿರಾಕ್ಟಿನ್ ಕ್ಷಾರ ನೀರಿನಲ್ಲಿ ಬೇಗ ಮುರಿದುಬೀಳುತ್ತದೆ, ಬಿಸಿಲಿಗೂ ಅಷ್ಟೇ. ಬೆಳಿಗ್ಗೆ ಕಲಸಿಟ್ಟು ಮಧ್ಯಾಹ್ನ ಹೊಡೆಯುವವರು ಬರೀ ವಾಸನೆ ಹೊಡೆದಂತೆ.

ಪರೀಕ್ಷೆ ಸರಳ. ಒಂದು ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಸಾಬೂನು ದ್ರಾವಣ ಹಾಕಿ ಕಲಕಿ. ನೊರೆ ನಿಂತರೆ ನೀರು ಸರಿ, ಮೊಸರು ಒಡೆದಂತಾದರೆ ಆ ನೀರು ಸಿಂಪಡಣೆಗೆ ಬೇಡ. ಹತ್ತು ಹದಿನೈದು ಕುಂಡಗಳಿಗೆ ಒಂದೂವರೆ ಲೀಟರ್ ಸಾಕು, ಅಷ್ಟಕ್ಕೆ ಕುಡಿಯಲು ಶುದ್ಧ ಮಾಡಿದ ನೀರನ್ನೇ ಬಳಸಬಹುದು. ಶುದ್ಧೀಕರಣ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಸಾಬೂನಿನ ಬದಲು ಅಂಟವಾಳಕಾಯಿ ಬಳಸಿದರೆ ಈ ತಕರಾರು ಬಹುಪಾಲು ತಪ್ಪುತ್ತದೆ. ಅದರ ನೊರೆ ಗಡಸು ನೀರಿನಲ್ಲಿಯೂ ಒಡೆಯುವುದಿಲ್ಲ, ಸ್ವಭಾವವೂ ಸ್ವಲ್ಪ ಹುಳಿ. ಬೀಜ ತೆಗೆದ ಐದಾರು ಕಾಯಿ ಜಜ್ಜಿ ಅರ್ಧ ಲೋಟ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸಿ. ಸಂಜೆ ಈ ರಸಕ್ಕೆ 5 ಮಿ.ಲೀ. ಬೇವಿನೆಣ್ಣೆ, ಅಂದರೆ ಒಂದು ಚಹಾ ಚಮಚ, ಹನಿಹನಿಯಾಗಿ ಹಾಕುತ್ತ ಮಜ್ಜಿಗೆ ಕಡೆದಂತೆ ಕಡೆಯಿರಿ. ಬೆಳ್ಳಗೆ ಹಾಲಿನಂತಾದ ಮೇಲೆ ನೀರು ಸೇರಿಸಿ ಒಂದು ಲೀಟರ್ ಮಾಡಿ. ಐದು ನಿಮಿಷ ಬಿಟ್ಟು ನೋಡಿ, ಮೇಲೆ ಎಣ್ಣೆಯ ಕಣ್ಣು ತೇಲಿದರೆ ಇನ್ನೂ ಕಡೆಯಬೇಕು. ಸಸಿಗಳಿಗೆ ಇದರ ಅರ್ಧ ಸಾಕು. ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಕರಗಿಸಿ, ಒಲೆಯ ಮೇಲೆ ಇಡಬೇಡಿ. ಮೊದಲು ಒಂದೇ ಗಿಡದ ಎರಡು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಮೆಂತ್ಯೆ, ಕೊತ್ತಂಬರಿಗೆ ಎಣ್ಣೆ ಬೇಡವೇ ಬೇಡ, ವಾಸನೆ ಅಡುಗೆಯವರೆಗೂ ಬರುತ್ತದೆ.

ಎಣ್ಣೆಗಿಂತ ಬೀಜದ ಕಷಾಯವೇ ಗಿಡಕ್ಕೆ ಹಿತ. ನಮ್ಮಲ್ಲಿ ಬೇವಿನ ಮರಕ್ಕೆ ಬರವಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಉದುರುವ ಹಣ್ಣನ್ನು ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟರೆ ಬೂಸಲು ಬರುತ್ತದೆ. ಮೂರು ತಿಂಗಳು ಕಳೆದ, ಎಂಟು ತಿಂಗಳು ದಾಟದ ಬೀಜ ಅತ್ಯುತ್ತಮ. ಸಿಪ್ಪೆ ತೆಗೆದ ಬೀಜ 50 ಗ್ರಾಂ ಜಜ್ಜಿ ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ಹಾಲಿನ ಬಣ್ಣಕ್ಕೆ ತಿರುಗುವವರೆಗೆ ಗಂಟು ಹಿಂಡಿ. ಇದು 5 ಪ್ರತಿಶತದ ಕಷಾಯ. ಅಂಟವಾಳದ ರಸ ನಾಲ್ಕು ಚಮಚ ಸೇರಿಸಿ ಅಂದೇ ಸಂಜೆ ಮುಗಿಸಿ, ನಾಳೆಗೆ ಉಳಿಸಬೇಡಿ. ಅಂಗಡಿಯಲ್ಲಿ ಸಿಗುವ ಬೇವಿನ ದ್ರಾವಣದ ಮೇಲೆ ಅಜಾಡಿರಾಕ್ಟಿನ್ ಎಷ್ಟು ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು, ಎಂದು ಬರೆದಿರುತ್ತದೆ. 1500 ಪಿಪಿಎಂ ಇದ್ದರೆ ಲೀಟರಿಗೆ 5 ಮಿ.ಲೀ., 10,000 ಪಿಪಿಎಂ ಇದ್ದರೆ 2 ಮಿ.ಲೀ. ಸಾಕು. ಪಿಪಿಎಂ ಬರೆಯದ ಬಾಟಲಿ ಅಗ್ಗಕ್ಕೆ ಸಿಕ್ಕರೂ ಬೇಡ. ಬೇವು ಹೊಡೆದ ಮಾರನೇ ದಿನ ಕೀಟ ಸತ್ತು ಬೀಳುವುದಿಲ್ಲ, ತಿನ್ನುವುದನ್ನು ಬಿಡುತ್ತದೆ, ಪೊರೆ ಕಳಚಲಾರದೆ ಸಾಯುತ್ತದೆ. ಏಳು ದಿನಕ್ಕೊಮ್ಮೆ, ಮೂರು ಸಲ ಹೊಡೆದ ಮೇಲೆಯೇ ಫಲ ಅಳೆಯಬೇಕು.

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಕಡೆ ತಂಬಾಕು ಸುಲಭಕ್ಕೆ ಸಿಗುತ್ತದೆಂದು ಕೆಲವರು ಅದರ ಕಷಾಯ ಮಾಡಿ ಹೊಡೆಯುವುದುಂಟು. ತಿನ್ನುವ ಸೊಪ್ಪಿಗೆ ನಿಕೋಟಿನ್ ಹಾಕಬಾರದು, ಅದು ಮನುಷ್ಯರಿಗೂ ವಿಷ. ಮೇಲಾಗಿ ತಂಬಾಕಿನ ಮೊಸಾಯಿಕ್ ನಂಜು ಟೊಮೆಟೊ, ಮೆಣಸಿನ ಗಿಡಕ್ಕೂ ಹತ್ತುತ್ತದೆ. ಬೀಡಿ ಸೇದಿದ, ತಂಬಾಕು ತಿಕ್ಕಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಟೊಮೆಟೊ ಕುಡಿ ಚಿವುಟಿದರೂ ಸಾಕು.

ಬದನೆ, ಟೊಮೆಟೊ, ಬೆಂಡೆ

ಎಣ್ಣೆಗಾಯಿಗೆ ಎಂದು ಬದನೆ ಹಾಕದ ಮನೆ ನಮ್ಮಲ್ಲಿ ಅಪರೂಪ, ಕುಡಿ ಮತ್ತು ಕಾಯಿಕೊರಕ ಬಾರದ ಬದನೆಯೂ ಅಪರೂಪ. ನೀರು ಸಾಕಷ್ಟಿದ್ದರೂ ಒಂದೇ ಕುಡಿ ಬಾಗಿ ಬಾಡಿದ್ದರೆ ಅದರೊಳಗೆ ಹುಳ ಇದೆ ಎಂದೇ ಅರ್ಥ. ಬಾಡಿದ ಜಾಗಕ್ಕಿಂತ ಎರಡು ಇಂಚು ಕೆಳಗೆ ಕತ್ತರಿಸಿ, ದಂಟನ್ನು ಸೀಳಿ ನೋಡಿ. ಕೊರೆದ ಸುರಂಗ ಇನ್ನೂ ಕೆಳಗೆ ಹೋಗಿದ್ದರೆ ಮತ್ತೆ ಒಂದು ಇಂಚು ಕತ್ತರಿಸಿ. ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಸಾಬೂನು ನೀರಿನ ಡಬ್ಬಿಗೆ ಹಾಕಬೇಕು. ತೂತು ಬಿದ್ದ ಕಾಯಿಯದೂ ಇದೇ ಕತೆ. ಕಾಯಿಯ ಮೇಲೆ ಕಾಣುವ ದೊಡ್ಡ ತೂತು ಹುಳ ಹೊರಬಂದ ದಾರಿ. ಅಂದರೆ ಅದು ಆಗಲೇ ಬುಡದ ಒಣ ಎಲೆಗಳಲ್ಲಿ ಗೂಡು ಕಟ್ಟಿದೆ. ಆದ್ದರಿಂದ ಬದನೆಯ ಬುಡದಲ್ಲಿ ಉದುರಿದ ಎಲೆ ಬಿಡಬೇಡಿ, ಮುಚ್ಚಿಗೆಗೆ ಬೇರೆ ಒಣ ಹುಲ್ಲು ಹಾಕಿ.

ಈ ಹುಳಕ್ಕೆ ಬೇವು ಉಪಯೋಗವಾಗುವುದು ಒಂದೇ ಹಂತದಲ್ಲಿ: ಎಲೆಯ ಕೆಳಗಿನ ಮೊಟ್ಟೆ ಒಡೆದು ಮರಿ ಇನ್ನೂ ಒಳಗೆ ಕೊರೆಯದ ಕೆಲವು ಗಂಟೆಗಳಲ್ಲಿ. ಅಷ್ಟು ಕರಾರುವಾಕ್ಕಾಗಿ ಹೊಡೆಯಲು ಯಾರಿಂದಲೂ ಆಗದು. ಬದಲಿಗೆ ಈ ಪತಂಗಕ್ಕೆಂದೇ ಇರುವ, ಹೆಣ್ಣಿನ ವಾಸನೆಯಿಂದ ಗಂಡನ್ನು ಸೆಳೆಯುವ ಲಿಂಗಾಕರ್ಷಕ ಬಲೆ ಒಂದನ್ನು ಗಿಡದ ಎತ್ತರಕ್ಕೆ ಕಟ್ಟಿ, ಒಳಗಿನ ಗುಳಿಗೆಯನ್ನು ತಿಂಗಳಿಗೊಮ್ಮೆ ಬದಲಿಸಿ. ನಾಲ್ಕೈದೇ ಗಿಡ ಇದ್ದವರಿಗೆ ಸೊಳ್ಳೆ ಪರದೆಯ ಬಟ್ಟೆಯೇ ವಾಸಿ, ಬದನೆ ತನ್ನ ಹೂವಿನಿಂದಲೇ ಕಾಯಿ ಕಟ್ಟುತ್ತದೆ, ಬೆಳಿಗ್ಗೆ ಗಿಡವನ್ನು ಒಮ್ಮೆ ಅಲುಗಿಸಿದರೆ ಸಾಕು.

ಬದನೆ ಎಲೆಯ ಹಸಿರನ್ನು ಕೆರೆದು ಜರಡಿಯಂತೆ ಮಾಡುವ ಒಂದು ದುಂಬಿ ಇದೆ. ನೋಡಲು ಗುಲಗಂಜಿ ಹುಳದ ಹಾಗೆಯೇ, ಮೈಮೇಲೆ ಕಪ್ಪು ಚುಕ್ಕೆ. ಆದರೆ ಹೊಳಪಿಲ್ಲ, ಸಣ್ಣ ರೋಮ ಇರುವುದರಿಂದ ಮಾಸಲು. ಅದರ ಮರಿ ಹಳದಿ, ಮೈತುಂಬ ಮುಳ್ಳು. ಹೊಳೆಯುವ ಗುಲಗಂಜಿ ಹುಳ ಸಸ್ಯಹೇನು ತಿನ್ನುವ ಗೆಳೆಯ, ಮಾಸಲು ದುಂಬಿ ವೈರಿ. ನಿಂತಂತೆ ಅಂಟಿಸಿದ ಹಳದಿ ಮೊಟ್ಟೆಗಳ ಗುಂಪು ಎಲೆಯ ಕೆಳಗೆ ಸಿಕ್ಕರೆ, ಅಕ್ಕಪಕ್ಕ ಹೇನು ಇದೆಯೇ ನೋಡಿ. ಹೇನು ಇದ್ದರೆ ಬಿಡಿ, ಹೇನಿಲ್ಲದೆ ಎಲೆ ಕೆರೆದಿದ್ದರೆ ಚಿವುಟಿ.

ಟೊಮೆಟೊದ ಭವಿಷ್ಯ ಸಸಿ ಹಂತದಲ್ಲೇ ತೀರ್ಮಾನವಾಗುತ್ತದೆ. ಎಲೆಮುದುಡು ನಂಜು ಬಿಳಿನೊಣದಿಂದ ಹತ್ತುವುದು ಹೆಚ್ಚಾಗಿ ಮೊದಲ ಒಂದು ತಿಂಗಳಲ್ಲಿ. ಹಾಗಾಗಿ ಬೀಜ ಹಾಕಿದ ದಿನದಿಂದ ನಾಟಿಯವರೆಗೆ, ಸುಮಾರು 25 ದಿನ, ಸಸಿ ತಟ್ಟೆಯನ್ನು 40ರಿಂದ 50 ಮೆಶ್‌ನ (ಇಂಚಿಗೆ ಅಷ್ಟು ಕಣ್ಣುಗಳಿರುವ) ನೈಲಾನ್ ಪರದೆಯೊಳಗೆ ಇಡಿ. ಸಾದಾ ನೆರಳು ಬಲೆಯ ಕಣ್ಣಿನಲ್ಲಿ ಬಿಳಿನೊಣ ಸಲೀಸಾಗಿ ನುಗ್ಗುತ್ತದೆ. ನಮ್ಮ ಹವೆಗೆ ದಸರೆಯ ಆಸುಪಾಸು ನಾಟಿ ಮಾಡಿದ ಟೊಮೆಟೊಗೆ ಕಾಟ ಕಡಿಮೆ, ಫೆಬ್ರುವರಿಯಲ್ಲಿ ನೆಟ್ಟದ್ದಕ್ಕೆ ನಂಜು, ನುಸಿ, ಹೂ ಉದುರುವುದು ಎಲ್ಲ ಒಟ್ಟಿಗೆ. 38 ಡಿಗ್ರಿ ಬಿಸಿಲಿನಲ್ಲಿ ಹೂ ಉದುರಿದರೆ ಅದು ಕೀಟವಲ್ಲ, ಸೆಖೆ, ಅದಕ್ಕೆ ಹಾರ್ಮೋನ್ ಬಾಟಲಿ ಕೊಳ್ಳಬೇಡಿ. ತಳಿಯಲ್ಲಿ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುದುಡು ನಂಜು, ದುಂಡಾಣು ಸೊರಗು, ಎಲೆಚುಕ್ಕೆ ಮೂರನ್ನೂ ತಾಳಿಕೊಳ್ಳುವಂಥದ್ದು. ಹೈಬ್ರಿಡ್ ಆದ್ದರಿಂದ ಬೀಜ ಹಿಡಿದಿಟ್ಟು ಮರುವರ್ಷ ಹಾಕಿದರೆ ಆ ಗುಣ ಬರುವುದಿಲ್ಲ.

ಕಾಯಿಕೊರಕಕ್ಕೆ ಚೆಂಡುಹೂವಿನ ಉಪಾಯ ಎಲ್ಲರೂ ಹೇಳುತ್ತಾರೆ, ಲೆಕ್ಕ ಹೇಳುವವರು ಕಡಿಮೆ. ಟೊಮೆಟೊ ಹೂಬಿಡುವಾಗಲೇ ಚೆಂಡುಹೂವೂ ಅರಳಿರಬೇಕು. ಅದಕ್ಕೆ 40 ದಿನದ ಚೆಂಡುಹೂವಿನ ಸಸಿಯನ್ನು 25 ದಿನದ ಟೊಮೆಟೊ ಸಸಿಯ ಜೊತೆ ಒಂದೇ ದಿನ ನೆಡಬೇಕು, ಎತ್ತರದ ಜಾತಿಯದೇ ಆಗಬೇಕು. ಪತಂಗ ಚೆಂಡುಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಎರಡು ದಿನಕ್ಕೊಮ್ಮೆ ಆ ಹೂಗಳಿಂದ ಹುಳ ಆರಿಸದಿದ್ದರೆ ನೀವೇ ಹುಳ ಸಾಕಿದಂತಾಗುತ್ತದೆ. ಎಲೆಯಲ್ಲಿ ಪಾರದರ್ಶಕ ಬೊಬ್ಬೆಯಂಥ ಮಚ್ಚೆ, ಕಾಯಿಯ ತೊಟ್ಟಿನ ಕೆಳಗೆ ಸೂಜಿ ತೂತು ಕಂಡರೆ ಅದು ಟ್ಯುಟಾ, 2014ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಂಡ ಹೊರಗಿನ ಕೀಟ. ಮಚ್ಚೆಯ ಎಲೆ ಕಿತ್ತು ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಡಿ. ಹಾವಿನಂತೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳು ಬೇರೆ, ಅದರಿಂದ ಬೆಳೆದ ಗಿಡಕ್ಕೆ ಹೆಚ್ಚೇನೂ ನಷ್ಟವಿಲ್ಲ.

ಬೆಂಡೆಯ ಎಲೆ ನರಗಳೆಲ್ಲ ಹಳದಿಯಾದರೆ ಅದೂ ಬಿಳಿನೊಣದ ನಂಜು, ಕಿತ್ತು ಹಾಕಿ. ಎಲೆಯ ಅಂಚಷ್ಟೇ ಹಳದಿಯಾಗಿ ಮೇಲೆ ಮಡಿಚಿ ಆಮೇಲೆ ಸುಟ್ಟಂತಾದರೆ ಜಿಗಿಹುಳು, ಇದಕ್ಕೆ ಬೇವಿನ ಕಷಾಯ ಚೆನ್ನಾಗಿ ನಡೆಯುತ್ತದೆ.

ಬಳ್ಳಿಗಳಿಗೆ ಹಣ್ಣುನೊಣ

ಹೀರೆ, ಹಾಗಲ, ಸೋರೆಯ ಎಳೆಗಾಯಿ ಸೊಟ್ಟಗಾಗಿ ಅಂಟು ಒಸರಿ ಕೊಳೆತರೆ ಹಣ್ಣುನೊಣ ಚುಚ್ಚಿದೆ. ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಟ್ಟ ಮೇಲೆ ಹೊರಗಿನ ಯಾವ ಔಷಧಿಯೂ ವ್ಯರ್ಥ. ಹೂ ಬಾಡಿ ಕಾಯಿ ಬೆರಳುದ್ದ ಆಗುವ ಮೊದಲೇ ಕಾಗದದ ಚೀಲ ಅಥವಾ ತೆಳು ಬಟ್ಟೆ ಕಟ್ಟಬೇಕು, ಬಾಯಿ ಬಿಗಿಯಾಗಿರಬೇಕು. ಆಕರ್ಷಕ ಬಲೆಗೆ ಬೀಳುವುದು ಗಂಡುನೊಣ ಮಾತ್ರ, ಚುಚ್ಚುವ ಹೆಣ್ಣು ಪಕ್ಕದ ಓಣಿಯಿಂದಲೂ ಬರುತ್ತದೆ. ಆದ್ದರಿಂದ ಒಂಟಿ ಮನೆಯಲ್ಲಿ ಬಲೆಗಿಂತ ಚೀಲಕ್ಕೇ ಹೆಚ್ಚು ಬೆಲೆ, ಓಣಿಯ ಹತ್ತು ಮನೆ ಕೂಡಿ ಬಲೆ ಕಟ್ಟಿದರೆ ಮಾತು ಬೇರೆ. ಕೊಳೆತ ಕಾಯಿಯನ್ನು ಬುಡದಲ್ಲೇ ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಮಾಳಿಗೆಯ ಬಿಸಿಲಿಗೆ ಎಸೆಯಿರಿ.

ಕಾಯಿ ಕಟ್ಟದಿರುವುದಕ್ಕೆಲ್ಲ ಕೀಟವೇ ಕಾರಣವಲ್ಲ. ಮಾಳಿಗೆಗೆ ಜೇನು ಬಾರದಿದ್ದರೆ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸಬೇಕು. ಹೀರೆ, ಸೋರೆ ಅರಳುವುದು ಸಂಜೆ, ಹಾಗಲ, ಸೌತೆ ಬೆಳಗಿನ ಹೊತ್ತು. ಬೆಳಿಗ್ಗೆ ಹತ್ತಕ್ಕೆ ಹೀರೆಯ ಹೂ ತಿಕ್ಕಿದರೆ ಏನೂ ಆಗದು.

ಎರಡೆಲೆಯ ಸಸಿಗಳನ್ನು ತೂತು ಮಾಡುವ ಕಿತ್ತಳೆ ಬಣ್ಣದ ದುಂಬಿಗೆ ಬೂದಿ ಎರಚುವ ರೂಢಿ ಇದೆ. ಇಬ್ಬನಿ ಆರುವ ಮೊದಲು ಎಲೆಯ ಮೇಲೆ ತೆಳ್ಳಗೆ ಉದುರಿಸಿದರೆ ಸರಿ. ಬುಡಕ್ಕೆ ಸುರಿಯಬೇಡಿ, ಬೂದಿ ಕ್ಷಾರ, ನಮ್ಮ ಎರೆಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಮೊದಲೇ 8ರ ಮೇಲೆ. ಚಳಿಗಾಲದ ಬೂದಿರೋಗಕ್ಕೆ ಹಾಲು 100 ಮಿ.ಲೀ., ನೀರು 900 ಮಿ.ಲೀ., ಬಿಸಿಲಿರುವ ಬೆಳಿಗ್ಗೆ, ವಾರಕ್ಕೊಮ್ಮೆ. ಬಿಳಿ ಚುಕ್ಕೆ ಒಂದೆರಡು ಇರುವಾಗ ಶುರು ಮಾಡಿದರೆ ಮಾತ್ರ.

ತಪ್ಪಲು (ಸೊಪ್ಪು) ಮತ್ತು ಸುವಾಸನೆಯ ಗಿಡಗಳು

ಮೆಂತ್ಯೆ, ರಾಜಗಿರಿ, ಸಬ್ಬಸಗಿ, ಪಾಲಕ್ ಒಂದು ತಿಂಗಳಲ್ಲಿ ಕೈಗೆ ಬರುವಂಥವು, ಇವಕ್ಕೆ ಸಿಂಪಡಣೆ ಬೇಡ. ಪರದೆ ಮುಚ್ಚಿ ಬೆಳೆಯಿರಿ, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ. ರಾಜಗಿರಿಯ ಎಲೆ ಮಡಿಚಿ ಬಲೆ ನೇಯುವ ಹಸಿರು ಹುಳ ಕಂಡರೆ ಬುಡದಿಂದ ನಾಲ್ಕು ಇಂಚು ಬಿಟ್ಟು ಕೊಯ್ದುಬಿಡಿ, ಹೊಸದು ಚಿಗುರುತ್ತದೆ. ಹಕ್ಕರಕಿ, ಪುಂಡಿಪಲ್ಯಕ್ಕೆ ಕಾಟ ಕಡಿಮೆ, ಹೊಸಬರು ಅಲ್ಲಿಂದ ಆರಂಭಿಸಬಹುದು. ಕೊತ್ತಂಬರಿ ಬೇಸಿಗೆಯಲ್ಲಿ ಬೇಗ ಹೂವಿಗೆ ಬಂದು ಹೇನು ತುಂಬಿಕೊಳ್ಳುತ್ತದೆ, 50 ಪ್ರತಿಶತದ ನೆರಳು ಬಲೆ ಇಲ್ಲದೆ ಆಗ ಬೆಳೆಯಲು ಹೋಗಬೇಡಿ.

ಕರಿಬೇವಿನ ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಲಿಂಬೆ ಚಿಟ್ಟೆಯ ಮರಿ, ದೊಡ್ಡದಾದ ಮೇಲೆ ಹಸಿರಾಗುತ್ತದೆ. ಕೈಯಿಂದ ತೆಗೆದರೆ ಮುಗಿಯಿತು. ಇಂಡಿ ತಾಲೂಕಿನ ಕಡೆಯ ಲಿಂಬೆ ತೋಟಗಳ ಹತ್ತಿರದ ಮನೆಗಳಲ್ಲಿ ಇದು ಹೆಚ್ಚು, ಲಿಂಬೆ, ಕರಿಬೇವು ಎರಡೂ ಒಂದೇ ಕುಟುಂಬದ ಗಿಡ. ತುಳಸಿಯ ಎಲೆ ಬಾಡಿ, ಕೆಳಗೆ ಕಪ್ಪು ಎಣ್ಣೆ ಚುಕ್ಕೆ ಇದ್ದರೆ ಜಾಲರಿ ರೆಕ್ಕೆಯ ಪುಟ್ಟ ತಿಗಣೆ, ಗಿಡದ ಮೂರನೇ ಒಂದು ಭಾಗ ಕತ್ತರಿಸಿ ಅಂಟವಾಳದ ನೀರಷ್ಟೇ ಹೊಡೆಯಿರಿ. ದೊಡ್ಡಪತ್ರೆ, ದಾಸವಾಳದ ಬಿಳಿ ಹಿಟ್ಟುತಿಗಣೆಗೆ ಮೊದಲು ಇರುವೆ ನಿಲ್ಲಿಸಬೇಕು. ತಿಗಣೆಯ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಕುಡಿಯಿಂದ ಕುಡಿಗೆ ಹೊರುತ್ತದೆ. ಕುಂಡದ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ, ಗಿಡ ಗೋಡೆಗೆ ತಾಗದಂತೆ ಸರಿಸಿ. ತಿಗಣೆಗಳ ನಡುವೆ ಅವಕ್ಕಿಂತ ದೊಡ್ಡದಾದ, ಉದ್ದ ಬಿಳಿ ಎಳೆಗಳ, ಚುರುಕಾಗಿ ಓಡುವ ಹುಳ ಇದ್ದರೆ ಮುಟ್ಟಬೇಡಿ. ಅದು ತಿಗಣೆಯನ್ನೇ ತಿನ್ನುವ ಗುಲಗಂಜಿ ಜಾತಿಯ ಮರಿ.

ಬೆಳಗಾವಿ ನಗರಕ್ಕೆ ನಮ್ಮ 600 ಮಿ.ಮೀ. ಮಳೆಯ ಎರಡು ಪಟ್ಟು ಬೀಳುವುದರಿಂದ ಅಲ್ಲಿ ನುಸಿಗಿಂತ ಬಸವನಹುಳು, ಬೂಷ್ಟು ರೋಗ ಮುಂದೆ. ಸಂಜೆ ಒದ್ದೆ ಗೋಣಿಚೀಲ ಹಾಸಿ ಬೆಳಿಗ್ಗೆ ಎತ್ತಿ ಕೆಳಗೆ ಸೇರಿದ ಹುಳು ಆರಿಸಿ ಉಪ್ಪುನೀರಿಗೆ ಹಾಕಿ. ಬ್ಯುವೇರಿಯಾ, ವರ್ಟಿಸಿಲಿಯಂನಂಥ, ಕೀಟ ಕೊಲ್ಲುವ ಶಿಲೀಂಧ್ರಗಳ ಜೈವಿಕ ಪುಡಿ, ಲೀಟರಿಗೆ 5 ಗ್ರಾಂ, ಕೆಲಸ ಮಾಡಲು ತೇವದ ಹವೆ ಬೇಕು. ಬೆಳಗಾವಿಯ ಮಳೆಗಾಲಕ್ಕೆ ಸರಿ, ವಿಜಯಪುರದ ಏಪ್ರಿಲ್‌ಗೆ ದುಡ್ಡು ದಂಡ.

ಮಣ್ಣು

ಬರೀ ಎರೆಮಣ್ಣು ಕುಂಡಕ್ಕೆ ಆಗದು, ಒಣಗಿ ಅಂಚಿನಲ್ಲಿ ಬಿರುಕು ಬಿಟ್ಟು ನೀರೆಲ್ಲ ಬದಿಯಿಂದ ಇಳಿಯುತ್ತದೆ, ಬೇರು ಒಣಗೇ ಇರುತ್ತದೆ. ಮಸಾರಿ (ಕೆಂಪು) ಮಣ್ಣು ಒಂದು ಪಾಲು, ಪೂರ್ತಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಅಥವಾ ದಪ್ಪ ಮರಳು ಒಂದು ಪಾಲು, 12 ಇಂಚಿನ ಕುಂಡಕ್ಕೆ ಬೇವಿನ ಹಿಂಡಿ 50 ಗ್ರಾಂ. ಹಸಿ ಸಗಣಿ ಗೊಬ್ಬರದ ಜೊತೆ ಗೊಣ್ಣೆಹುಳು, ಒರಲೆ ಉಚಿತ. ಯೂರಿಯಾ ಚೆಲ್ಲಿದರೆ ಎಲೆ ಕಡುಹಸಿರಾಗಿ ಮೆತ್ತಗಾಗುತ್ತದೆ, ಹೇನಿಗೆ ಅದೇ ಬೇಕು.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಕೆಳಗೆ ಕೀಟವಿಲ್ಲ ಎಂದರೆ ಕಬ್ಬಿಣದ ಕೊರತೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಫೆರಸ್ ಸಲ್ಫೇಟ್ 5 ಗ್ರಾಂ, ಲಿಂಬೆರಸ ಎರಡು ಚಮಚ, ಒಂದು ಲೀಟರ್ ನೀರು, ಸಂಜೆ ಎಲೆಗೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ ಹೊಸದು ಕಲಸಿ. ಅನುಮಾನವಿದ್ದರೆ ಎಲೆ, ಕುಡಿ, ಕಾಯಿ ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಬಾಗಲಕೋಟೆಯವರಿಗೆ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯ ಊರಲ್ಲೇ ಇದೆ.

ನಮ್ಮ ಬೇಸಿಗೆ ತೋಟಕ್ಕೆ ಶಾಪವೆನ್ನುವವರು ಅದರಿಂದ ಒಂದು ಕೆಲಸ ತೆಗೆದುಕೊಳ್ಳಬಹುದು. ಯುಗಾದಿಯ ಹೊತ್ತಿಗೆ ಮುಗಿದ ಮಡಿಯ ಗಿಡ ಕಿತ್ತು, ಮಣ್ಣು ಪುಡಿ ಮಾಡಿ ಸಮ ಮಾಡಿ, ಅರ್ಧ ಅಡಿ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಮಾರನೇ ದಿನ 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಹಾಸಿ. ಕಪ್ಪು ತಾಡಪತ್ರಿ ಬೇಡ, ಅದು ತಾನು ಕಾಯುತ್ತದೆ, ಮಣ್ಣಿಗೆ ಅಷ್ಟು ಕಾವು ಇಳಿಸುವುದಿಲ್ಲ. ನಾಲ್ಕೂ ಅಂಚನ್ನು ಮಣ್ಣಿನಿಂದ ಮುಚ್ಚಿ ಹಬೆ ಹೊರಹೋಗದಂತೆ ಮಾಡಿ, ನಾಲ್ಕರಿಂದ ಆರು ವಾರ ಬಿಡಿ. ತೂತು ಬಿದ್ದರೆ ಟೇಪ್ ಅಂಟಿಸಿ. ಸಸಿ ಕೊಳೆಸುವ ಶಿಲೀಂಧ್ರ, ಬೇರಿಗೆ ಗಂಟು ಕಟ್ಟುವ ಜಂತು, ಕಸದ ಬೀಜ, ಮಣ್ಣಿನ ಮೇಲ್ಪದರದ ಕೋಶಗಳು ಬಹುಪಾಲು ಬೇಯುತ್ತವೆ. ಹಾಳೆ ತೆಗೆದ ಮೇಲೆ ಮಣ್ಣನ್ನು ಆಳವಾಗಿ ಅಗೆಯಬೇಡಿ, ಕಾವು ಇಳಿದಿರುವುದು ಮೇಲಿನ ಐದಾರು ಇಂಚಿಗೆ ಮಾತ್ರ, ಕೆಳಗಿನ ಮಣ್ಣು ಮೇಲೆ ಬಂದರೆ ಪಟ್ಟ ಪಾಡೆಲ್ಲ ನೀರುಪಾಲು. ಮುಷ್ಟಿಯಷ್ಟು ಗೊಬ್ಬರಕ್ಕೆ ಒಂದು ಚಮಚ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ ಮೇಲ್ಮಣ್ಣಿಗೆ ಕಲಸಿ, ಮೃಗಶಿರ ಮಳೆಗೆ ಸಸಿ ನೆಡಿ.